ದೇವರಿಗೂ ಸ್ಟೇಪ್ಲರ್

ಬಾಲಿಯ ಪೂಜೆ ಪುನಸ್ಕಾರ ಹೇಗಿರುತ್ತೆ ಅಂತ ಊರಿನವರು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಸ್ಟೇಪ್ಲರಿನ ಟಕ್ ಟಕ್. ಫೋಟೊದಲ್ಲಿ ಅದು ಬರುವುದಿಲ್ಲ. ಫೋಟೊದಲ್ಲಿ ಬರುವುದು ತಲೆಯ ಮೇಲೆ ಹಣ್ಣಿನ ಗೋಪುರ ಹೊತ್ತ ಹೆಂಗಸರ ಸಾಲು, ಹಳದಿ ಬಿಳಿ ಛತ್ರಿಗಳು, ಗಮೆಲಾನ್ ಬಾರಿಸುವ ಗಂಡಸರು. ಅದೆಲ್ಲ ಇದೆ, ಸುಳ್ಳಲ್ಲ. ಆದರೆ ಉಬುದ್ ಹತ್ತಿರ ನಾನು ಬಾಡಿಗೆಗಿರುವ ಮನೆಯ ಜಗಲಿಯಲ್ಲಿ ದಿನವೂ ಕಾಣುವುದು ಬೇರೆ. ಮನೆಯ ಯಜಮಾನಿ, ಅವರ ಅತ್ತೆ, ಒಮ್ಮೊಮ್ಮೆ ಪಕ್ಕದ ಮನೆಯವರೂ ಸೇರಿ ಎಳೆ ತೆಂಗಿನ ಗರಿಯ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಟಿವಿಯಲ್ಲಿ ಧಾರಾವಾಹಿ ಓಡುತ್ತಿರುತ್ತದೆ. ಕಣ್ಣು ಅಲ್ಲಿ, ಕೈ ಇಲ್ಲಿ. ಗರಿ ಸೀಳಿ, ಮಡಚಿ, ಅಂಗೈಯಗಲದ ಚೌಕ ತಟ್ಟೆ ಮಾಡಿ ಮೂಲೆಗೆ ಟಕ್. ಹಿಂದೆಲ್ಲ ಬಿದಿರಿನ ಸಣ್ಣ ಕಡ್ಡಿ ಚುಚ್ಚುತ್ತಿದ್ದರು, ನಮ್ಮಲ್ಲಿ ಮುತ್ತುಗದ ಎಲೆ ಹಚ್ಚುತ್ತಿದ್ದ ಹಾಗೆ. ಅತ್ತೆ ಈಗಲೂ ಕಡ್ಡಿ ಬಿಟ್ಟಿಲ್ಲ. ಸೊಸೆಗೆ ಸ್ಟೇಪ್ಲರೇ ಆಗಬೇಕು. ಎರಡೂ ತಟ್ಟೆ ಒಂದೇ ಬುಟ್ಟಿಗೆ ಬೀಳುತ್ತವೆ. ದೇವರು ಇಲ್ಲಿಯವರೆಗೆ ತಕರಾರು ಮಾಡಿಲ್ಲ.

ಈ ತಟ್ಟೆಯೇ ಚನಾಂಗ್. ಮೇಲೆ ಹೂವು ಬಿದ್ದರೆ ಚನಾಂಗ್ ಸಾರಿ. ತಳದಲ್ಲಿ ಒಂದು ಪುಟ್ಟ ಪೊಟ್ಟಣ ಇರುತ್ತದೆ. ಒಳಗೇನಿದೆ ಅಂತ ಬಿಚ್ಚಿ ನೋಡಿದರೆ ವೀಳ್ಯದೆಲೆ, ಅಡಿಕೆ, ಸುಣ್ಣ! ಅಡಿಕೆ ಬ್ರಹ್ಮ, ಎಲೆ ವಿಷ್ಣು, ಸುಣ್ಣ ಶಿವ ಅಂತ ಅತ್ತೆ ಬಿಡಿಸಿ ಹೇಳಿದರು. ನಮ್ಮೂರಲ್ಲಿ ಊಟ ಆದ ಮೇಲೆ ಈ ಮೂವರನ್ನೂ ಒಟ್ಟಿಗೆ ಜಗಿಯುತ್ತೇವೆ ಅಂದೆ. ಅವರು ಕೆಂಪು ಹಲ್ಲು ತೋರಿಸಿ ನಕ್ಕರು. ಅವರದೂ ಅದೇ ಅಭ್ಯಾಸ.

ಹೂವಿಗೆ ದಿಕ್ಕಿದೆ. ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು. ಹೆಚ್ಚಾಗಿ ಕರ್ಣಕುಂಡಲ, ಚೆಂಡುಹೂವು, ದೇವಗಣಗಿಲೆ. ಇಷ್ಟರವರೆಗೆ ಶಾಸ್ತ್ರ. ಇದರ ಮೇಲೆ ಮನೆಯವರ ಪ್ರೀತಿ: ಒಂದು ಬಿಸ್ಕತ್ತು, ಒಂದು ಪೆಪ್ಪರ್‌ಮಿಂಟು, ಕೆಲವೊಮ್ಮೆ ಸಿಗರೇಟು. ಗುಡಿಗೆ, ಒಲೆಗೆ, ಬಾವಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಗೆ, ಸ್ಕೂಟರಿನ ಸೀಟಿಗೆ, ಬಾಗಿಲ ಮುಂದಿನ ನೆಲಕ್ಕೆ ಒಂದೊಂದು. ಊದುಬತ್ತಿ ಹಚ್ಚಿ, ನೀರು ಚಿಮುಕಿಸಿ, ಹೊಗೆಯನ್ನು ಕೈಯಿಂದ ಮೆಲ್ಲಗೆ ಬೀಸಿದರೆ ಆಯಿತು. ಸಾರವೆಲ್ಲ ಹೋಗಬೇಕಾದವರಿಗೆ ಹೋಯಿತು. ಉಳಿದ ಬಿಸ್ಕತ್ತು ನಾಯಿಗೆ, ಅನ್ನ ಕೋಳಿಗೆ, ಪೆಪ್ಪರ್‌ಮಿಂಟು ಇರುವೆಗೆ. ಯಾರೂ ಓಡಿಸುವುದಿಲ್ಲ. ನೆಲದ ಮೇಲಿಡುವುದು ಹೇಗಿದ್ದರೂ ಭೂತಗಳ ಪಾಲು. ಅದರಲ್ಲಿ ಅನ್ನದ ಜೊತೆ ಶುಂಠಿ, ಈರುಳ್ಳಿ, ಉಪ್ಪು ಇರುತ್ತವೆ. ಭೂತಗಳಿಗೂ ಖಾರ ಉಪ್ಪು ಬೇಕು, ಅಲ್ವಾ?

ಪ್ರವಾಸಕ್ಕೆ ಬಂದವರು ಇದನ್ನು ನೋಡಿ 'ಎಷ್ಟು ಶಾಂತಿ' ಅನ್ನುತ್ತಾರೆ. ನನಗೆ ಕಾಣುವುದು ಮನೆಗೆಲಸ. ಹೋಟೆಲಿನಲ್ಲಿ ಪಾಳಿ ಮುಗಿಸಿ ಬಂದ ಹೆಣ್ಣುಮಗಳು ಮತ್ತೆ ಗರಿ ಹಿಡಿದು ಕೂರುತ್ತಾಳೆ. ಪುರಸೊತ್ತಿಲ್ಲದವರು ಸಂತೆಯಲ್ಲಿ ಸಿದ್ಧ ಚನಾಂಗ್ ಕೊಳ್ಳುತ್ತಾರೆ. ಗಂಡಸರಿಗೆ ಕೆಲಸವಿಲ್ಲ ಅಂತಲ್ಲ. ಹಬ್ಬದ ಹಿಂದಿನ ದಿನ ಹಂದಿ ಕಡಿದು ಲಾವಾರ್ ಅನ್ನುವ ಮಾಂಸದಡುಗೆ ಕಲಸುವುದು, ಬಿದಿರಿನ ಎತ್ತರದ ಪೆಂಜೋರ್ ಕಂಬ ಸಿಂಗರಿಸಿ ಬೀದಿಗೆ ನಿಲ್ಲಿಸುವುದು ಅವರ ಪಾಲು. ಉಳಿದ ದಿನಗಳಲ್ಲಿ ಅವರು ಹುಂಜಕ್ಕೆ ಮಾಲೀಶು ಮಾಡುತ್ತಾ ಕೂತಿರುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಇದನ್ನು ಮನೆಯ ಯಜಮಾನರ ಎದುರು ಹೇಳುವ ಧೈರ್ಯ ಇಲ್ಲ.

ಇಷ್ಟೊಂದು ಗರಿ ಎಲ್ಲಿಂದ ಬರಬೇಕು? ಬಾಲಿಯ ತೆಂಗು ಸಾಲುವುದಿಲ್ಲ. ಪಕ್ಕದ ಜಾವಾದ ಬನ್ಯುವಾಂಗಿ ಕಡೆಯಿಂದ ಗರಿ, ಬಾಳೆಹಣ್ಣು ಲಾರಿಗಳಲ್ಲಿ ತುಂಬಿ, ಹಡಗು ಹತ್ತಿ, ಗಿಲಿಮಾನುಕ್‌ನಲ್ಲಿ ಇಳಿಯುತ್ತವೆ. ಬೆಳೆಯುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಅವರಿಗೂ ಬಾಲಿಯ ಹಬ್ಬದ ತಾರೀಕು ಬಾಯಿಪಾಠ ಇದ್ದೇ ಇರುತ್ತದೆ. ವರಮಹಾಲಕ್ಷ್ಮಿ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಗೆ ಹೋದವರಿಗೆ ಪಿತೃಗಳು ಮನೆಗೆ ಬರುವ ಗಲುಂಗನ್ ಹಬ್ಬದ ಹಿಂದಿನ ದಿನದ ರೇಟು ನಾನು ಹೇಳಬೇಕಾಗಿಲ್ಲ.

ತಾರೀಕಿನದೇ ಒಂದು ದೊಡ್ಡ ಗೋಜಲು. ಇಲ್ಲಿನ ಗೋಡೆ ಕ್ಯಾಲೆಂಡರಿನ ಮುಂದೆ ನಮ್ಮ ಒಂಟಿಕೊಪ್ಪಲ್ ಪಂಚಾಂಗವೂ ಸರಳ ಅನಿಸುತ್ತದೆ. ಶಕ ವರ್ಷದ ಲೆಕ್ಕ ಒಂದು, ಅದು ನಮಗೂ ಗೊತ್ತಿರುವುದೇ. ಇನ್ನೊಂದು ಪವುಕೋನ್, ಬರೀ 210 ದಿನಗಳ ವರ್ಷ. ಗಲುಂಗನ್ ಬರುವುದು ಈ ಲೆಕ್ಕದಲ್ಲಿ. 2025ರಲ್ಲಿ ಏಪ್ರಿಲ್ 23ಕ್ಕೆ ಒಮ್ಮೆ ಬಂತು, ನವೆಂಬರ್ 19ಕ್ಕೆ ಮತ್ತೆ ಬಂತು. ಅಂದರೆ ಹಬ್ಬಕ್ಕೂ ಋತುವಿಗೂ ಸಂಬಂಧವೇ ಇಲ್ಲ. ನಮಗೆ ಮಾವಿನ ಚಿಗುರು ಕಂಡರೆ ಯುಗಾದಿ, ಅವರೆಕಾಯಿ ಸೊಗಡು ಬಂದರೆ ಸಂಕ್ರಾಂತಿ. ಇಲ್ಲಿ ಗಲುಂಗನ್ ಒಮ್ಮೆ ಗಾಳಿಪಟದ ಒಣ ದಿನಗಳಲ್ಲಿ, ಒಮ್ಮೆ ಸುರಿಯುವ ಮಳೆಯಲ್ಲಿ.

ಇದರ ಮಜಾ ಗೊತ್ತಾಗುವುದು ತುಂಪೆಕ್ ವಾರಿಗದ ದಿನ. ಗಲುಂಗನ್‌ಗೆ 25 ದಿನ ಮುಂಚೆ ಹಣ್ಣಿನ ಮರಗಳಿಗೆ ಪೂಜೆ. ಮರಕ್ಕೆ ಗಂಜಿ ಎಡೆ ಇಟ್ಟು, ಕಾಂಡವನ್ನು ತಟ್ಟಿ ಎಬ್ಬಿಸಿ, 'ಅಜ್ಜ ಅಜ್ಜಿ, ಇನ್ನು 25 ದಿನಕ್ಕೆ ಗಲುಂಗನ್ ಬಂತು, ಚೆನ್ನಾಗಿ ಕಾಯಿ ಬಿಡಿ' ಅಂತ ಕೇಳಿಕೊಳ್ಳುತ್ತಾರೆ. ನಮ್ಮ ಹಿತ್ತಲಿನ ಮಾವಿನ ಮರಕ್ಕೂ ಯಜಮಾನಿ ಹೀಗೇ ಹೇಳಿದರು. ಆಗ ಅದರಲ್ಲಿ ಒಂದು ಹೂವೂ ಇರಲಿಲ್ಲ. ಕಾಲವಲ್ಲದ ಕಾಲದಲ್ಲಿ ಕೇಳಿದರೆ ಅದೇನು ಕೊಡುತ್ತದೆ ಅಂದೆ. 'ಕೇಳೋದು ನಮ್ಮ ಕೆಲಸ' ಅಂದು ಪಕ್ಕದ ಹಲಸಿನ ಕಡೆ ನಡೆದರು.

ತುಂಪೆಕ್ ಲಂಡೆಪ್ ಮಾತ್ರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೂಲತಃ ಕತ್ತಿ ಕಠಾರಿಗಳಿಗೆ ಪೂಜೆ. ಈಗ ಬೈಕು, ಕಾರುಗಳಿಗೂ. ಆ ದಿನ ಅಲಂಕಾರ ಮಾಡಿದ ಸ್ಕೂಟರುಗಳನ್ನು ನೋಡಿದರೆ ಕುಂಬಳಕಾಯಿ ಎಲ್ಲಿ, ನಿಂಬೆಹಣ್ಣು ಎಲ್ಲಿ ಅಂತ ಕಣ್ಣು ಹುಡುಕುತ್ತದೆ. ಸರಸ್ವತಿ ಪೂಜೆಯ ದಿನ ಪುಸ್ತಕ ಓದಬಾರದು ಅನ್ನುವ ನಿಯಮವೂ ಇದೆ. ಮಕ್ಕಳಿಗೆ ಎರಡೂ ದೇಶದಲ್ಲಿ ಒಂದೇ ಖುಷಿ. ಇಷ್ಟು ನೋಡಿ 'ಎಲ್ಲ ನಮ್ಮದೇ' ಅಂತ ಹಿಗ್ಗುವ ನಮ್ಮವರೂ ಇದ್ದಾರೆ. ಅವರಿಗೆ ನಾನು ಲಾವಾರ್ ತೋರಿಸುತ್ತೇನೆ. ಹಂದಿ ಮಾಂಸ, ಎಷ್ಟೋ ಕಡೆ ಹಸಿ ರಕ್ತವೂ ಸೇರಿ ಕಲಸಿದ ಹಬ್ಬದಡುಗೆ. ಹಿಗ್ಗು ತಾನಾಗಿ ಇಳಿಯುತ್ತದೆ.

ಮಳೆಗಾಲ ಅಕ್ಟೋಬರ್ ನವೆಂಬರಿಗೆ ಶುರುವಾದರೆ ಮಾರ್ಚ್‌ವರೆಗೂ ಬಿಡುವುದಿಲ್ಲ. ಮೊದಲ ಮಳೆಯ ಸಂಜೆ ರೆಕ್ಕೆ ಹುಳಗಳು ದೀಪಕ್ಕೆ ಮುತ್ತುತ್ತವೆ. ಎಲ್ಲರೂ ಲೈಟ್ ಆರಿಸಿ ಸುಮ್ನೆ ಕೂರುತ್ತಾರೆ. ಬೆಲ್ಟಿಗೆ, ಚಪ್ಪಲಿಗೆ, ಪುಸ್ತಕದ ಬೆನ್ನಿಗೆ ಬೂಷ್ಟು. ಊದುಬತ್ತಿ ಹೊತ್ತುವುದಿಲ್ಲ. ಬಾಗಿಲ ಮುಂದಿನ ಚನಾಂಗ್ ನಾಯಿ ಬರುವ ಮುಂಚೆಯೇ ತೇಲಿ ಚರಂಡಿ ಸೇರುತ್ತದೆ. ಆದರೂ ಬೆಳಿಗ್ಗೆ ಛತ್ರಿ ಹಿಡಿದು ಹೊಸದು ಇಡುವುದು ತಪ್ಪುವುದಿಲ್ಲ.

ದೊಡ್ಡ ಸಮಾರಂಭವಿದ್ದರೆ ಮಳೆ ತಡೆಯುವವರನ್ನೇ ಕರೆಸುತ್ತಾರೆ. ಅವರು ಹೊಗೆ ಹಾಕಿ ಮಂತ್ರ ಹೇಳಿ ಮೋಡಗಳನ್ನು ಅತ್ತ ಸರಿಸುತ್ತಾರಂತೆ. ಮಳೆ ಬರಲಿ ಅಂತ ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡಿನಿಂದ ಬಂದವನು ನಾನು. ನಗುವ ಹಕ್ಕು ನನಗಿಲ್ಲ. ಒಮ್ಮೆ ನಮ್ಮ ಬೀದಿಯ ದೇವಸ್ಥಾನದ ಉತ್ಸವ ಮುಗಿಯುವವರೆಗೂ ಹನಿ ಬೀಳಲಿಲ್ಲ. ಪಕ್ಕದ ಊರಿನಲ್ಲಿ ಜೋರು ಮಳೆಯಂತೆ. ಆ ಊರಿನವರು ಇವರ ಮೇಲೆ ಒಂದೆರಡು ದಿನ ಮುಖ ಗಂಟಿಕ್ಕಿಕೊಂಡೇ ಓಡಾಡಿದರು.

ಮಳೆ ಇಳಿಯುವ ಹೊತ್ತಿಗೆ ನ್ಯೆಪಿ, ಶಕ ವರ್ಷದ ಮೊದಲ ದಿನ. ಹೆಚ್ಚು ಕಡಿಮೆ ನಮ್ಮ ಯುಗಾದಿಯ ಹೊತ್ತು. ಹಿಂದಿನ ರಾತ್ರಿ ಓಗೊ-ಓಗೊ ರಾಕ್ಷಸ ಬೊಂಬೆಗಳ ಮೆರವಣಿಗೆ, ಕಿವಿ ಒಡೆಯುವ ಸದ್ದು. ಬೆಳಿಗ್ಗೆ 6ರಿಂದ ಮರುದಿನ 6ರವರೆಗೆ ಬೆಂಕಿಯಿಲ್ಲ, ಕೆಲಸವಿಲ್ಲ, ಓಡಾಟವಿಲ್ಲ, ಮೋಜಿಲ್ಲ. ವಿಮಾನ ನಿಲ್ದಾಣವೂ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟೂ ಬಂದ್. ಬೀದಿಯಲ್ಲಿ ಚೌಕಳಿ ಪಂಚೆಯ ಪೆಚಲಾಂಗ್ ಕಾವಲುಗಾರರು ಬಿಟ್ಟರೆ ನರಪಿಳ್ಳೆ ಇಲ್ಲ. 2025ರಲ್ಲಿ ನ್ಯೆಪಿಯೂ ತುಂಪೆಕ್ ವಾರಿಗವೂ ಒಂದೇ ದಿನ, ಮಾರ್ಚ್ 29ಕ್ಕೆ ಬಿದ್ದವು. ಮರದ ಜೊತೆ ಮಾತಾಡಬೇಕಾದ ದಿನವೂ ಮೌನದ ದಿನವೂ ಒಂದೇ!

ಇನ್ನು ಗಲುಂಗನ್ ಮುಗಿದ ಮೇಲಿನ ಕಥೆ. ಗುಡಿಗೆ ಹೊತ್ತೊಯ್ದ ಹಣ್ಣಿನ ಗೋಪುರ ಪೂಜೆಯಾದ ಮೇಲೆ ಮನೆಗೇ ವಾಪಸ್ ಬರುತ್ತದೆ. ಪ್ರಸಾದ, ಬಿಸಾಡುವ ಹಾಗಿಲ್ಲ. ಎಲ್ಲರ ಮನೆಯಲ್ಲೂ ಅದೇ ಇರುವುದರಿಂದ ಯಾರಿಗೂ ಬೇಡ. ಇಡೀ ಬೀದಿಯಲ್ಲಿ ಗೋಪುರವಿಲ್ಲದ ಮನೆ ಅಂದರೆ ವಿದೇಶಿಯದೊಂದೇ. ಹಾಗಾಗಿ ನನ್ನ ಬಾಗಿಲಿಗೆ ಬಾಳೆಹಣ್ಣು, ಸಲಾಕ್, ಅಕ್ಕಿಯ ಸಿಹಿತಿಂಡಿ ಬರುತ್ತಲೇ ಇರುತ್ತವೆ. ಖಾಲಿ ಮಾಡುವಷ್ಟರಲ್ಲಿ, ಹತ್ತೇ ದಿನಕ್ಕೆ, ಕುನಿಂಗನ್. ಅವತ್ತು ಪಿತೃಗಳು ಮೇಲಿನ ಲೋಕಕ್ಕೆ ಹೊರಡುತ್ತಾರೆ, ಮಧ್ಯಾಹ್ನದೊಳಗೆ ಹಳದಿ ಅನ್ನದ ಎಡೆ ಮುಗಿಯಬೇಕು. ಮಧ್ಯಾಹ್ನದ ಮೇಲೆ ಮತ್ತೆ ಬಾಳೆಹಣ್ಣು.

ಹೋದ ಸಲ ತಡೆಯಲಾರದೆ ಎಲ್ಲ ಹೆಚ್ಚಿ, ತೆಂಗಿನಹಾಲು, ಬೆಲ್ಲ, ಏಲಕ್ಕಿ ಹಾಕಿ ರಸಾಯನ ಮಾಡಿ ಒಂದು ಪಾತ್ರೆ ಯಜಮಾನಿಗೆ ಕೊಟ್ಟೆ. ಅತ್ತೆ ಒಂದು ಚಮಚ ಬಾಯಿಗಿಟ್ಟು, ಬೆಲ್ಲ ಜಾಸ್ತಿಯಾಯಿತು ಅಂದರು. ಆದರೂ ಎರಡನೇ ಸಲ ಬಡಿಸಿಕೊಂಡರು. ಸಂಜೆ ಪಾತ್ರೆ ತೊಳೆದು ವಾಪಸ್ ಕಳಿಸಿದರು. ಬರಿ ಪಾತ್ರೆ ಕೊಡಬಾರದಲ್ಲ, ಅದರ ತುಂಬ ಬಾಳೆಹಣ್ಣು ಇಟ್ಟಿದ್ದರು.