ಡಬ್ಬಿ ಮೇಲಿನ ಅಂಕೆ ನೋಡಿ ಹಳೇ ಸಿನಿಮಾ ಮತ್ತೆ ಕೊಳ್ಳಬೇಡಿ

ಕಾಫಿಗೆ ಒಳ್ಳೆ ರೇಟ್ ಬಂದ ಮೇಲೆ ಕೊಡಗಿನ ನಮ್ಮ ನಾಪೋಕ್ಲು ಕಡೆ ಸುಮಾರು ಮನೆಗಳಿಗೆ ದೊಡ್ಡ ಟಿವಿ ಬಂದಿದೆ. ಟಿವಿ ಬಂದ ಕೂಡಲೇ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ಹಳೇ ಡಿವಿಡಿ ಹಾಕಿದರೆ ಚಿತ್ರ ಮಸುಕು ಮಸುಕು. ಅದೇ ಸಿನಿಮಾನ ಬ್ಲೂ-ರೇಯಲ್ಲೋ 4ಕೆಯಲ್ಲೋ ಮತ್ತೆ ಕೊಳ್ಳಬೇಕಾ? ಒಂದು ಸಲ ದುಡ್ಡು ಕೊಟ್ಟಾಗಿದೆ, ಮತ್ತೆ ಯಾಕೆ ಕೊಡಬೇಕು?

ಇದನ್ನು ನನ್ನ ಹತ್ತಿರ ತುಂಬಾ ಜನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಇಲ್ಲೇ ಪೂರ್ತಿ ಬರೆಯುತ್ತಿದ್ದೇನೆ.

ನಿಮ್ಮ ಕಪಾಟಿನಲ್ಲಿರುವ ಹೆಚ್ಚಿನ ಸಿನಿಮಾಗಳನ್ನು ಮತ್ತೆ ಕೊಳ್ಳುವ ಅಗತ್ಯ ಇಲ್ಲ. ಆದರೆ ಮೂಲ ನೆಗೆಟಿವ್, ಅಂದರೆ ಕ್ಯಾಮೆರಾದಲ್ಲಿ ಓಡಿದ ಫಿಲ್ಮನ್ನೇ ಹುಡುಕಿ, ಅದನ್ನು ಹೊಸದಾಗಿ ಸ್ಕ್ಯಾನ್ ಮಾಡಿ, ಗೀರು ಕೊಳೆ ತೆಗೆದು ಕೊಟ್ಟ ಸಿನಿಮಾ ಬಂದರೆ ಯೋಚನೆ ಮಾಡದೆ ಕೊಳ್ಳಿ. ಅದು ನೀವು ಈಗಾಗಲೇ ಮೂರು ಸಲ ಕೊಂಡ ಸಿನಿಮಾ ಆಗಿದ್ದರೂ ಸರಿ.

ಮೊದಲು ಅಂಕೆಗಳನ್ನು ನೋಡಿಬಿಡೋಣ. ವಿಸಿಡಿಯ ಚಿತ್ರದಲ್ಲಿ ಇರುವುದು 352 ಅಡ್ಡ, 288 ಉದ್ದ ಚುಕ್ಕಿ, ಅಂದರೆ ಪಿಕ್ಸೆಲ್. ಒಟ್ಟು ಒಂದು ಲಕ್ಷದಷ್ಟು. ಡಿವಿಡಿಯಲ್ಲಿ 720, 576. ನಾಲ್ಕು ಲಕ್ಷ ದಾಟುತ್ತದೆ. 2006ರಲ್ಲಿ ಬಂದ ಬ್ಲೂ-ರೇಯಲ್ಲಿ 20 ಲಕ್ಷ. 2016ರಲ್ಲಿ ಬಂದ 4ಕೆ ಡಿಸ್ಕಿನಲ್ಲಿ 83 ಲಕ್ಷದ ಹತ್ತಿರ. ಕೇಳಿದರೆ ದೊಡ್ಡ ಜಿಗಿತ ಅನ್ನಿಸುತ್ತದೆ ಅಲ್ವಾ? ಆದರೆ ಡಿಸ್ಕಿನಲ್ಲಿ ಎಷ್ಟು ಜಾಗ ಇದೆ ಅನ್ನುವುದನ್ನು ಮಾತ್ರ ಈ ಅಂಕೆ ಹೇಳುತ್ತದೆ. ಆ ಜಾಗಕ್ಕೆ ಏನನ್ನು ತುಂಬಿದ್ದಾರೆ ಅನ್ನುವುದನ್ನು ಹೇಳುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಟಿವಿಗೋಸ್ಕರ ಮಾಡಿದ ಟೇಪನ್ನೇ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಮೇಲೆ ಎಚ್‌ಡಿ ಅಂತ ಬರೆದರೆ ಅದೂ ಎಚ್‌ಡಿಯೇ. ಯೂಟ್ಯೂಬಿನಲ್ಲಿ ಹಳೇ ಕನ್ನಡ ಸಿನಿಮಾಗಳಿಗೆ 4ಕೆ ಅಂತ ಹೆಸರು ಹಾಕಿದ್ದನ್ನು ನೀವೂ ನೋಡಿರುತ್ತೀರಿ. ಸುಮಾರು ಕಡೆ ಮುಖದಲ್ಲಿ ಹುಬ್ಬು ಕೂಡ ಬಿಡಿಬಿಡಿಯಾಗಿ ಕಾಣುವುದಿಲ್ಲ. ಚೌಕ ಚಿತ್ರವನ್ನು ಅಗಲದ ಟಿವಿಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿರುತ್ತಾರೆ. ನಾಯಕಿಯ ಮುಡಿಯ ಹೂವೇ ಹೋಗಿರುತ್ತದೆ.

ಇನ್ನೊಂದು ವಿಷಯ ಹೇಳಿದರೆ ಹೆಚ್ಚಿನವರು ನಂಬುವುದಿಲ್ಲ. ಒಳ್ಳೆ ನೆಗೆಟಿವ್ ಉಳಿದಿದ್ದರೆ 1971ರ ಸಿನಿಮಾ 2002ರ ಸಿನಿಮಾಗಿಂತ ಚೆನ್ನಾಗಿ ಕಾಣಬಹುದು. 35 ಎಂಎಂ ಫಿಲ್ಮಿನ ನೆಗೆಟಿವ್‌ನಲ್ಲಿ ಡಿವಿಡಿ ತೋರಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ವಿವರ ಇದೆ. ಅದನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರೂ ವ್ಯರ್ಥ ಅನ್ನಿಸುವುದಿಲ್ಲ. ಶುರುಶುರುವಿನ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು ಹಾಗಲ್ಲ. '28 ಡೇಸ್ ಲೇಟರ್' ಅನ್ನುವ 2002ರ ಇಂಗ್ಲಿಷ್ ಸಿನಿಮಾದ ಹೆಚ್ಚಿನ ಭಾಗವನ್ನು ಕ್ಯಾನನ್ ಎಕ್ಸ್‌ಎಲ್1 ಅನ್ನುವ ಸಣ್ಣ ಟೇಪ್ ಕ್ಯಾಮೆರಾದಲ್ಲಿ ತೆಗೆದರು. ಮೂಲದಲ್ಲೇ ಇರುವುದು ಡಿವಿಡಿಯಷ್ಟು ವಿವರ. ಮುಂದೆ ಯಾವ ಡಿಸ್ಕ್ ಬಂದರೂ ಅದಕ್ಕಿಂತ ಹೆಚ್ಚು ಎಲ್ಲಿಂದ ತರುತ್ತಾರೆ? ಅದು ಒಳ್ಳೆಯ ಸಿನಿಮಾ, ಆ ಒರಟು ಚಿತ್ರವೇ ಅದಕ್ಕೆ ಒಪ್ಪುತ್ತದೆ. ಆದರೆ ಡಿವಿಡಿ ಇದ್ದವರು ಮತ್ತೆ ಕೊಳ್ಳುವ ಸಿನಿಮಾ ಅಲ್ಲ. ಹಾಗೆಯೇ 2000ದ ನಂತರದ ಎಷ್ಟೋ ದೊಡ್ಡ ಸಿನಿಮಾಗಳನ್ನು ಫಿಲ್ಮಿನಲ್ಲಿ ತೆಗೆದರೂ ಕೊನೆಯ ಕೆಲಸವನ್ನು ಕಂಪ್ಯೂಟರಿನಲ್ಲಿ 2ಕೆ ಅಳತೆಯಲ್ಲಿ, ಅಂದರೆ ಹೆಚ್ಚುಕಡಿಮೆ ಬ್ಲೂ-ರೇಯಷ್ಟೇ ಚುಕ್ಕಿಯಲ್ಲಿ ಮುಗಿಸಿದ್ದಾರೆ. ಅವುಗಳ ಬ್ಲೂ-ರೇ ಇದ್ದವರು ಬರೀ ಚುಕ್ಕಿಗಳ ಆಸೆಗೆ 4ಕೆಗೆ ಹೋಗಬೇಕಾಗಿಲ್ಲ.

ಈಗ ನನಗೆ ಹೆಚ್ಚು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮಳೆ ಮತ್ತು ಮಂಜು.

ಕೊಡಗಿನಲ್ಲಿ ತೆಗೆದ ಸಿನಿಮಾ ಅಂದರೆ ಈ ಎರಡರಲ್ಲಿ ಒಂದು ಇದ್ದೇ ಇರುತ್ತದೆ. ಹಳೇ ಡಿಸ್ಕುಗಳು ಸೋಲುವುದೂ ಈ ಎರಡರ ಮುಂದೆಯೇ. ಸಿನಿಮಾ ಅಂದರೆ ಒಂದರ ಹಿಂದೆ ಒಂದು ಓಡುವ ಬಿಡಿ ಚಿತ್ರಗಳು. ವಿಸಿಡಿ, ಡಿವಿಡಿಗಳು ಅದರ ಪ್ರತಿ ಚಿತ್ರವನ್ನೂ ಪೂರ್ತಿ ಉಳಿಸಿಕೊಳ್ಳುವುದಿಲ್ಲ. ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಏನು ಬದಲಾಗಿದೆ ಅನ್ನುವುದನ್ನು ಮಾತ್ರ ಹೆಚ್ಚಾಗಿ ಉಳಿಸುತ್ತವೆ. ಗೋಡೆಯ ಮುಂದೆ ಇಬ್ಬರು ನಿಂತು ಮಾತಾಡಿದರೆ ತೊಂದರೆ ಇಲ್ಲ, ಗೋಡೆ ಬದಲಾಗಲ್ಲ. ಮಳೆ ಬಿದ್ದರೆ? ಪ್ರತಿ ಹನಿ, ಪ್ರತಿ ಎಲೆ, ಪ್ರತಿ ಚಿತ್ರದಲ್ಲೂ ಬದಲು. ವಿಸಿಡಿಗೆ ಚಿತ್ರಕ್ಕೆಂದು ಸಿಗುವುದು ಸೆಕೆಂಡಿಗೆ 1150 ಕಿಲೋಬಿಟ್ ಮಾಹಿತಿ ಮಾತ್ರ. ಅಷ್ಟರಲ್ಲಿ ಮಳೆ ಹಿಡಿಸುವುದಿಲ್ಲ. ಚಿತ್ರ ಸಣ್ಣ ಸಣ್ಣ ಚೌಕಗಳಾಗಿ ಒಡೆದುಹೋಗುತ್ತದೆ. 'ಮುಂಗಾರು ಮಳೆ'ಯನ್ನು ನಮ್ಮಲ್ಲಿ ಎಷ್ಟು ಜನ ವಿಸಿಡಿಯಲ್ಲಿ ನೋಡಿದ್ದೀವಿ! 2006ರ ಕೊನೆಯಲ್ಲಿ ಬಂದ ಸಿನಿಮಾ, ಕಥೆ ನಡೆಯುವುದು ಮಡಿಕೇರಿಯಲ್ಲಿ, ಹೆಸರಲ್ಲೇ ಮಳೆ ಇದೆ. ಮನೆಯಲ್ಲಿ ನಾವು ನೋಡಿದ್ದು ಮಾತ್ರ ಬೂದು ಚೌಕಗಳು. ಬ್ಲೂ-ರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್, ಅಂದರೆ 40,000 ಕಿಲೋಬಿಟ್ ತನಕ ಕೊಡಬಹುದು. ಅಲ್ಲಿ ಮಳೆ ಮಳೆಯಾಗಿಯೇ ಬೀಳುತ್ತದೆ. ನಮ್ಮ ಹುಡುಗರು ಫೋನಿನಲ್ಲಿ ನೋಡುವ ಕಾಪಿಯಲ್ಲೂ ಇದೇ ಕಷ್ಟ ಇದೆ. ನೆಟ್ ನಿಧಾನವಾದ ಕೂಡಲೇ ಮೊದಲು ಹಾಳಾಗುವುದು ಮಳೆಯ ದೃಶ್ಯವೇ.

ಮಂಜಿನ ಕಷ್ಟ ಬೇರೆ ರೀತಿಯದು. ಮಂಜಿನಲ್ಲಿ ಗೆರೆಗಳಿಲ್ಲ. ಬಿಳಿಯಿಂದ ಬೂದಿಗೆ, ಬೂದಿಯಿಂದ ಹಸಿರಿಗೆ ಬಣ್ಣ ಮೆಲ್ಲಗೆ ಕರಗುತ್ತಾ ಹೋಗುತ್ತದೆ. ಡಿವಿಡಿ ಮತ್ತು ಮಾಮೂಲಿ ಬ್ಲೂ-ರೇ ಎರಡರಲ್ಲೂ ಪ್ರತಿ ಬಣ್ಣಕ್ಕೆ ಇರುವುದು 8 ಬಿಟ್, ಅಂದರೆ ಗಾಢದಿಂದ ತಿಳಿಗೆ ಹೋಗಲು ಹೆಚ್ಚೆಂದರೆ 256 ಮೆಟ್ಟಿಲು. ಅದು ಸಾಲದೆ ಆಕಾಶದಲ್ಲಿ, ಮಂಜಿನಲ್ಲಿ ಪಟ್ಟಿ ಪಟ್ಟಿ ಬೀಳುತ್ತದೆ. 4ಕೆ ಡಿಸ್ಕಿನಲ್ಲಿ 10 ಬಿಟ್, 1024 ಮೆಟ್ಟಿಲು. 4ಕೆಯಿಂದ ನಿಜವಾದ ಲಾಭ ಇರುವುದು ಇಲ್ಲಿ ಅಂತ ನನ್ನ ಅನಿಸಿಕೆ. ಹತ್ತಡಿ ದೂರದ ಸೋಫಾದಲ್ಲಿ ಕೂತು 32 ಇಂಚಿನ ಟಿವಿ ನೋಡುವವರಿಗೆ ಹೆಚ್ಚಿನ ಚುಕ್ಕಿ ಕಣ್ಣಿಗೇ ಬೀಳುವುದಿಲ್ಲ. ಬಣ್ಣದ ಮೆಟ್ಟಿಲು ಹಾಗಲ್ಲ. ಟಿವಿಗೆ ಅದನ್ನು ತೋರಿಸುವ ಶಕ್ತಿ ಇದ್ದರೆ ದೂರದಿಂದಲೂ ಗೊತ್ತಾಗುತ್ತದೆ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟವನ್ನು ಈಗ ಬಂದವರೆಲ್ಲ 'ಗಾಳಿಪಟ' ಸಿನಿಮಾ ನೆನಪಿಸಿಕೊಂಡು ಮುಗಿಲುಪೇಟೆ ಅನ್ನುತ್ತಾರೆ. ಅಲ್ಲಿಯ ಮೋಡವನ್ನು ಮೋಡದಂತೆ ತೋರಿಸುವ ಡಿಸ್ಕ್ ಒಂದು ಬಂದರೆ ನಾನು ಅವತ್ತೇ ಕೊಳ್ಳುತ್ತೇನೆ.

ಧ್ವನಿಯ ಬಗ್ಗೆಯೂ ಒಂದು ಮಾತು. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ನಮ್ಮ ದೇಶದ ಟಿವಿಗೆ ಇದ್ದ ಪಾಲ್ ಪದ್ಧತಿಯ ಡಿಸ್ಕುಗಳಲ್ಲಿ ಅದನ್ನು 25ಕ್ಕೆ ಓಡಿಸುತ್ತಾರೆ. ಎರಡೂವರೆ ಗಂಟೆಯ ಸಿನಿಮಾ ಆರು ನಿಮಿಷ ಬೇಗ ಮುಗಿಯುತ್ತದೆ. ಸರಿಪಡಿಸದೆ ಬಿಟ್ಟರೆ ಧ್ವನಿಯೂ ಸ್ವಲ್ಪ ಏರುತ್ತದೆ. ರಾಜ್‌ಕುಮಾರ್ ಅವರ ಧ್ವನಿಯನ್ನು ರೇಡಿಯೋದಲ್ಲಿ ಕೇಳಿ ಬೆಳೆದವರಿಗೆ ಅಂಥ ಡಿಸ್ಕಿನಲ್ಲಿ ಏನೋ ಸಣ್ಣಗಾಗಿದೆ ಅನ್ನಿಸುತ್ತದೆ. ಬ್ಲೂ-ರೇಯಲ್ಲಿ 24ಕ್ಕೇ ಓಡಿಸಬಹುದು. ಹಾಡುಗಳಿಗಾಗಿಯೇ ಸಿನಿಮಾ ಇಟ್ಟುಕೊಳ್ಳುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಮತ್ತೆ ಕೊಳ್ಳಲು ನಾನು ಕಾಯುತ್ತಿರುವ ಸಿನಿಮಾ 'ಶರಪಂಜರ'. ಪುಟ್ಟಣ್ಣ ಕಣಗಾಲ್ ಅವರು ತ್ರಿವೇಣಿಯವರ ಕಾದಂಬರಿಯಿಂದ 1971ರಲ್ಲಿ ಮಾಡಿದ ಬಣ್ಣದ ಚಿತ್ರ. 'ಕೊಡಗಿನ ಕಾವೇರಿ' ಹಾಡು ಇರುವುದು ಇದರಲ್ಲೇ. ನಮ್ಮ ಜಿಲ್ಲೆಯಲ್ಲಿ ಆ ಹಾಡು ಗೊತ್ತಿಲ್ಲದವರು ಯಾರಿದ್ದಾರೆ? ನಾನು ನೋಡಿದ ಎಲ್ಲ ಕಾಪಿಗಳಲ್ಲೂ ಹಸಿರು ಹಳದಿಗೆ ತಿರುಗಿದೆ. ಕಲ್ಪನಾ ಅವರ ಸೀರೆಯ ಬಣ್ಣ ಒಂದು ದೃಶ್ಯದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆ ಸಿನಿಮಾದ ಶಕ್ತಿ ಇರುವುದೇ ಅವರ ಕಣ್ಣಿನಲ್ಲಿ. ಸುಖ ಹೋಗಿ ಭಯ ಬರುವುದು ಮೊದಲು ಕಣ್ಣಿನಲ್ಲಿ ಕಾಣುತ್ತದೆ. ಮಸುಕಾದ ಕಾಪಿ ನೋಡಿದವರಿಗೆ ಅರ್ಧ ನಟನೆ ಮಾತ್ರ ಸಿಗುತ್ತದೆ. ಹೊಸ ಪೀಳಿಗೆಯವರು ನೋಡಿ "ಸ್ವಲ್ಪ ಜಾಸ್ತಿ ಆಯ್ತು ಆ್ಯಕ್ಟಿಂಗ್" ಅನ್ನುವಾಗ ನನಗೆ ಹೊಟ್ಟೆ ಉರಿಯುತ್ತದೆ. ಅವರ ತಪ್ಪಿಲ್ಲ. ಅವರಿಗೆ ಕೇಳಿಸಿದ್ದು ಧ್ವನಿ ಮಾತ್ರ, ಮುಖ ಕಂಡಿಲ್ಲ.

ಹೊಸ ಕಾಪಿ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ. ಫಿಲ್ಮಿಗೆ ಸಹಜವಾಗಿ ಒಂದು ಸಣ್ಣ ಕಣಕಣ ಇರುತ್ತದೆ. ಅದನ್ನು ಕೊಳೆ ಅಂದುಕೊಂಡು ಕಂಪ್ಯೂಟರಿನಲ್ಲಿ ಒರೆಸಿಬಿಟ್ಟರೆ ಮುಖ ಮೇಣದ ಬೊಂಬೆಯಂತೆ ಆಗುತ್ತದೆ. 'ಪ್ರಿಡೇಟರ್' ಸಿನಿಮಾದ 2010ರ ಬ್ಲೂ-ರೇ ಹೀಗೆಯೇ ಆಗಿ ಲೋಕದ ತುಂಬಾ ಬೈಸಿಕೊಂಡಿತು. ಹಳೇ ಡಿಸ್ಕ್ ಇದ್ದವರೇ ಆಗ ಪುಣ್ಯವಂತರು. ಇನ್ನು ಕಪ್ಪುಬಿಳುಪಿಗೆ ಬಣ್ಣ ಹಚ್ಚುವುದು. 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಬಂತು. ಜನ ಥಿಯೇಟರಿಗೆ ಹೋಗಿ ಪ್ರೀತಿಯಿಂದ ನೋಡಿದರು, ಆ ಪ್ರೀತಿ ದೊಡ್ಡದು. ಆದರೆ ನನಗೆ ಬೇಕಾಗಿರುವುದು ಕಪ್ಪುಬಿಳುಪಿನ ಸ್ವಚ್ಛ ಕಾಪಿ. ಬೆಳಕು ನೆರಳು ನೋಡಿ ಕ್ಯಾಮೆರಾ ಇಟ್ಟವರ ಕೆಲಸ ಕಾಣಬೇಕು. ಬಣ್ಣದ್ದು ಮಾರಲಿ, ಪಕ್ಕದಲ್ಲಿ ಅದನ್ನೂ ಇಡಲಿ.

"ಎಲ್ಲ ಆನ್‌ಲೈನಲ್ಲಿ ಸಿಗುವಾಗ ಡಿಸ್ಕ್ ಯಾಕೆ ಅಣ್ಣಾ?" ಅಂತ ನನ್ನ ಚಿಕ್ಕಪ್ಪನ ಮಗ ಕೇಳುತ್ತಾನೆ. ಅವನು ಇರುವುದು ಬೆಂಗಳೂರಿನಲ್ಲಿ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ ಇಲ್ಲಿ ಬಂದು ಇರಲಿ. ಮರ ಬಿದ್ದು ಕರೆಂಟ್ ದಿನಗಟ್ಟಲೆ ಇಲ್ಲ. ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಇನ್ವರ್ಟರಿನಲ್ಲಿ ಎರಡು ಗಂಟೆ ಟಿವಿ ಓಡಿದರೆ ಅದೇ ಹಬ್ಬ. ಆಗ ಕೈಗೆ ಸಿಗುವುದು ಕಪಾಟಿನ ಡಿಸ್ಕ್ ಮಾತ್ರ. ಜೊತೆಗೆ ಆನ್‌ಲೈನಿನಲ್ಲಿ ಇವತ್ತು ಇದ್ದ ಸಿನಿಮಾ ಹಕ್ಕಿನ ಅವಧಿ ಮುಗಿದ ಕೂಡಲೇ ಮಾಯ. ಡಿಸ್ಕನ್ನು ಯಾರೂ ಬಂದು ವಾಪಸ್ ತೆಗೆದುಕೊಂಡು ಹೋಗಲ್ಲ.

ಹೊರದೇಶದಲ್ಲಿರುವ ನೆಂಟರ ಕೈಯಲ್ಲಿ ಡಿಸ್ಕ್ ತರಿಸುವವರು ಇಷ್ಟು ನೋಡಿಕೊಳ್ಳಿ. ಬ್ಲೂ-ರೇಗೆ ಪ್ರದೇಶದ ಬೀಗ ಇರುತ್ತದೆ. ಅಮೆರಿಕದ್ದು ಎ, ನಮ್ಮದು ಸಿ. ಬೀಗ ಹಾಕಿದ್ದರೆ ಇಲ್ಲಿಯ ಪ್ಲೇಯರಿನಲ್ಲಿ ಓಡುವುದಿಲ್ಲ. 4ಕೆ ಡಿಸ್ಕಿಗೆ ಆ ಬೀಗ ಇಲ್ಲ. ಹಳೇ ಡಿವಿಡಿಗಳು ಬ್ಲೂ-ರೇ ಪ್ಲೇಯರಿನಲ್ಲೇ ಓಡುತ್ತವೆ, ಹಾಗಾಗಿ ಅವನ್ನು ಎಸೆಯಬೇಡಿ.

ಇಷ್ಟೆಲ್ಲ ಬರೆದ ಮೇಲೆ ಒಂದು ನೋವಿನ ಸತ್ಯ ಹೇಳಲೇಬೇಕು. ಇಂಗ್ಲಿಷ್ ಸಿನಿಮಾ ಪ್ರೀತಿಸುವವರಿಗೆ ಕೊಳ್ಳಬೇಕಾ ಬೇಡವಾ ಅನ್ನುವ ಚಿಂತೆ. ಹಳೇ ಕನ್ನಡ ಸಿನಿಮಾ ಪ್ರೀತಿಸುವ ನಮಗೆ ಕೊಳ್ಳಲು ಸಿಗುವುದೇ ಇಲ್ಲ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಎಲ್ಲೂ ಹಳೇ ಕನ್ನಡ ಸಿನಿಮಾದ ಒಂದು ಬ್ಲೂ-ರೇ ನನ್ನ ಕಣ್ಣಿಗೆ ಬಿದ್ದಿಲ್ಲ. 2007ರ ಹೊತ್ತಿಗೆ ಮೋಸರ್ ಬೇರ್ ಅನ್ನುವ ಡಿಸ್ಕ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಕೊಟ್ಟಾಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿನಿಮಾ ಸಿಗುತ್ತಿತ್ತು. ಆ ಕಾಲ ಮುಗಿಯಿತು, ಅದರ ಮುಂದಿನ ಹೆಜ್ಜೆ ನಮ್ಮ ಕಡೆಯ ಅಂಗಡಿಗಳಿಗೆ ಬರಲೇ ಇಲ್ಲ.

ಸಿನಿಮಾ ಉಳಿಯದಿದ್ದರೆ ಏನಾಗುತ್ತದೆ ಅಂತ ನಮಗೆ ಗೊತ್ತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ', 1934. ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ಫಿಲ್ಮಿಗೆ ಬಿಸಿ ಮತ್ತು ತೇವ ಶತ್ರು. ಕೆಟ್ಟು ಹೋಗುವಾಗ ವಿನೆಗರ್ ವಾಸನೆ ಬರುತ್ತದೆ, ಸುರುಟಿಕೊಳ್ಳುತ್ತದೆ, ಆಮೇಲೆ ಯಂತ್ರಕ್ಕೆ ಹಾಕಲೂ ಆಗುವುದಿಲ್ಲ. ಸರಿಯಾದ ಸಮಯಕ್ಕೆ ಕೈ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ ಸೇರಿ ದುರಸ್ತಿ ಮಾಡಿ ಹೊಸದರಂತೆ ಮಾಡಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಒಂದು ಕನ್ನಡ ಸಿನಿಮಾಕ್ಕೆ ಇದು ಆಗುವುದಾದರೆ ಐವತ್ತಕ್ಕೆ ಯಾಕೆ ಆಗಬಾರದು? ಅದಕ್ಕೆ ದುಡ್ಡು ಬೇಕು. ಕೊಳ್ಳುವವರು ಇದ್ದಾರೆ ಅಂತ ಗೊತ್ತಾದರೆ ನಿರ್ಮಾಪಕರ ಮನೆಯವರೂ ಡಬ್ಬಿ ತೆರೆದು ನೋಡುತ್ತಾರೆ. ನೆಗೆಟಿವ್‌ನಿಂದ ಮಾಡಿದ ಕಾಪಿಯನ್ನು ದುಡ್ಡು ಕೊಟ್ಟು ಕೊಳ್ಳಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ನಮ್ಮ ಜಿಲ್ಲೆಗೆ ಇನ್ನೊಂದು ಕೆಲಸ ಇದೆ. ಕೊಡವ ಭಾಷೆಯ ಮೊದಲ ಸಿನಿಮಾ 'ನಾಡ ಮಣ್ಣ್ ನಾಡ ಕೂಳ್' 1972ರಲ್ಲಿ ಬಂತು. ಆಮೇಲೂ ಕೊಡವದಲ್ಲಿ ಸಿನಿಮಾಗಳು ಬಂದಿವೆ. ಚಿಕ್ಕ ಭಾಷೆಯ ಸಿನಿಮಾಕ್ಕೆ ಪ್ರಿಂಟುಗಳೇ ಕಡಿಮೆ. ಯಾರದೋ ಮನೆಯ ಅಟ್ಟದಲ್ಲಿರುವ ಟೇಪೇ ಕೊನೆಯ ಕಾಪಿ ಆಗಿರಬಹುದು. ನಮ್ಮ ಮಳೆಗೆ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ, ಟೇಪಿಗೂ ಹಿಡಿಯುತ್ತದೆ.

ಹಾಗಾಗಿ ಕೇಳಿಕೊಳ್ಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಕೊಡವ ಸಿನಿಮಾದ, ಇಲ್ಲವೇ ಕೊಡಗಿನಲ್ಲಿ ತೆಗೆದ ಹಳೇ ಕನ್ನಡ ಸಿನಿಮಾದ ವಿಎಚ್‌ಎಸ್ ಟೇಪ್, ಪ್ರಿಂಟ್, ರೀಲ್ ಏನೇ ಇದ್ದರೂ ಗುಜರಿಗೆ ಹಾಕಬೇಡಿ. ಬೂಸ್ಟು ಕಂಡರೆ ಸುಮ್ನೆ ಪ್ಲೇಯರಿಗೆ ಹಾಕಿ ನೋಡಲು ಹೋಗಬೇಡಿ, ಟೇಪ್ ಹರಿಯುತ್ತದೆ, ಪ್ಲೇಯರಿನ ಹೆಡ್ಡೂ ಹಾಳಾಗುತ್ತದೆ. ಒಣಗಿದ ಜಾಗದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿ ನಿಲ್ಲಿಸಿ ಇಡಿ. ಮೇಲೆ ಸಿನಿಮಾದ ಹೆಸರು ಬರೆಯಿರಿ. ನನಗೆ ಒಂದು ಮೆಸೇಜ್ ಹಾಕಿ. ಪಟ್ಟಿ ಮಾಡಲು ಶುರು ಮಾಡಿದ್ದೇನೆ. ಮಳೆ ಬಿಟ್ಟ ಮೇಲೆ ಭಾಗಮಂಡಲ ಕಡೆಯವರ ಮನೆಗೆ ನಾನೇ ಬರುತ್ತೇನೆ, ಸೋಮವಾರಪೇಟೆ, ಶನಿವಾರಸಂತೆ ಕಡೆ ನೋಡಿಕೊಳ್ಳಲು ಒಬ್ಬರು ಮುಂದೆ ಬಂದರೆ ತುಂಬಾ ಉಪಕಾರ.