ಒಲೆ ಹೂಡಿದರೂ ಊರು ಯಾವುದು ಅಂತ ಕೇಳುತ್ತೇವೆ

ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಇರುವ ಬಂಗಾಳಿಗಳನ್ನು ನಾವು ಇವತ್ತಿಗೂ ‘ಬಾಂಗ್ಲಾದವರು’ ಅಂತಲೇ ಕರೆಯುತ್ತೇವೆ. ಅವರಲ್ಲಿ ಎಷ್ಟೋ ಮನೆತನಗಳು ಊರು ಬಿಟ್ಟಾಗ ಬಾಂಗ್ಲಾದೇಶ ಅನ್ನುವ ದೇಶವೇ ಇರಲಿಲ್ಲ. ಅದಿನ್ನೂ ಪೂರ್ವ ಪಾಕಿಸ್ತಾನ. 1964ರ ಗಲಭೆ, ಆಮೇಲೆ 1971ರ ಯುದ್ಧ. ಪಶ್ಚಿಮ ಬಂಗಾಳದಲ್ಲಿ ಜಾಗ ಸಾಲದು ಅಂತ ಸರ್ಕಾರ ಜನರನ್ನು ಮಧ್ಯ ಭಾರತದ ದಂಡಕಾರಣ್ಯಕ್ಕೆ, ಇನ್ನೂ ಎಲ್ಲೆಲ್ಲಿಗೋ ಸಾಗಿಸಿತು. ಅದರಲ್ಲಿ ಒಂದು ಪಾಲು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಗೆ ಬಂತು. ಹೊಳೆ, ಕೆರೆ, ಮೀನು ನೋಡಿ ಬೆಳೆದ ಜನ ಬಂದಿಳಿದದ್ದು ರಾಯಚೂರಿನ ಬಿಸಿಲಿಗೆ.

ಮೊನ್ನೆ ಅನಿಟಾ ಫಾಬೋಸ್ ಅನ್ನುವ ಮಾನವಶಾಸ್ತ್ರಜ್ಞೆಯ ಕೆಲಸದ ಬಗ್ಗೆ ಓದುತ್ತಿದ್ದೆ. ಅವರು ಅಧ್ಯಯನ ಮಾಡಿದ್ದು ಈಜಿಪ್ಟಿನ ಕೈರೋದಲ್ಲಿ, ಉತ್ತರ ಸುಡಾನಿನಿಂದ ಬಂದು ನೆಲೆಸಿದ ಮುಸ್ಲಿಮರ ನಡುವೆ. ಅಲ್ಲಿನವರಿಗೂ ಬಂದವರಿಗೂ ಧರ್ಮ ಒಂದೇ, ಮಾತು ಅರಬ್ಬಿ, ಕುಡಿಯುವುದೂ ಅದೇ ನೈಲ್ ನೀರು. ಎರಡು ದೇಶಗಳ ನಡುವೆ ಒಪ್ಪಂದ ಇದ್ದುದರಿಂದ ಸುಡಾನಿನವರಿಗೆ ವೀಸಾ ಕೂಡ ಬೇಕಿರಲಿಲ್ಲ. 1995ರಲ್ಲಿ ಅಡಿಸ್ ಅಬಾಬಾದಲ್ಲಿ ಈಜಿಪ್ಟಿನ ಅಧ್ಯಕ್ಷ ಹೋಸ್ನಿ ಮುಬಾರಕ್ ಮೇಲೆ ಕೊಲೆಯತ್ನ ನಡೆಯಿತು. ಈಜಿಪ್ಟ್ ಸುಡಾನನ್ನು ದೂರಿತು. ಅಲ್ಲಿಗೆ ಮುಗೀತು. ನಿನ್ನೆವರೆಗೆ ಅಣ್ಣತಮ್ಮಂದಿರು, ಇವತ್ತಿನಿಂದ ಪರದೇಶದವರು. ಬಾಡಿಗೆ ಮನೆ ಅದೇ, ನೆರೆಯವರು ಅವರೇ, ಬದಲಾದದ್ದು ಕಾಗದ ಮಾತ್ರ. ಅಂಥ ಹೊತ್ತಿನಲ್ಲಿ ‘ನಾವು ಬೇರೆ, ನಮ್ಮ ನಡತೆ ಬೇರೆ’ ಅಂತ ತೋರಿಸುವ ಭಾರ ಹೆಚ್ಚಾಗಿ ಹೆಂಗಸರ ತಲೆ ಮೇಲೆ ಬಿತ್ತು. ಹೇಗೆ ಉಡಬೇಕು, ಬಂದವರನ್ನು ಹೇಗೆ ಉಪಚರಿಸಬೇಕು, ಎಷ್ಟು ಮಾತಾಡಬೇಕು. ಅದನ್ನು ಅವರು ಅದಬ್ ಅನ್ನುತ್ತಾರೆ. ಉರ್ದು ಬಲ್ಲ ರಾಯಚೂರಿನ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಫಾಬೋಸ್, ಕ್ಯಾಥರೀನ್ ಬ್ರೂನ್ ಎಂಬ ಭೂಗೋಳಶಾಸ್ತ್ರಜ್ಞೆಯ ಜೊತೆ ಸೇರಿ 2015ರಲ್ಲಿ ಒಂದು ಲೇಖನ ಬರೆದರು. ವರ್ಷಗಟ್ಟಲೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಅನ್ನುವ ಸ್ಥಿತಿಯಲ್ಲಿರುವ ನಿರಾಶ್ರಿತರು ಸುಮ್ನೆ ಕಾಯುತ್ತಾ ಕೂರುವುದಿಲ್ಲ, ಮನೆ ಮಾಡುತ್ತಲೇ ಇರುತ್ತಾರೆ ಅನ್ನುವುದು ಅದರ ಮಾತು. ಮನೆಗೆ ಮೂರು ಪದರ ಅಂತ ಅವರು ಹೇಳುತ್ತಾರೆ. ದಿನಾ ಕಸ ಹೊಡೆದು ಅಡುಗೆ ಮಾಡುವ ಮನೆ ಒಂದು. ನೆನಪಿನಲ್ಲಿ, ಆಸೆಯಲ್ಲಿ, ಪದ್ಧತಿಯಲ್ಲಿ ಇರುವ ಮನೆ ಇನ್ನೊಂದು. ದೇಶ, ಕಾನೂನು, ರಾಜಕೀಯ ‘ನಿನ್ನ ಮನೆ ಇದು’ ಅಂತ ಗೆರೆ ಎಳೆಯುತ್ತವಲ್ಲ, ಅದು ಮೂರನೆಯದು.

ಮೊದಲ ಪದರವನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಹಬ್ಬಕ್ಕೆ ಕರೆದಿದ್ದಳು. ಅವಳ ಅಜ್ಜಿ ಪಕ್ಕಾ ನಮ್ಮ ಕಡೆಯ ಕನ್ನಡದಲ್ಲಿ, “ಕೂಡ್ರಿ ಮೇಡಮ್ಮಾರ, ಚಾ ಕುಡೀರಿ” ಅಂದರು. ಕೈಯಲ್ಲಿ ಬಂಗಾಳಿ ಮುತ್ತೈದೆಯರು ತೊಡುವ ಶಂಖದ ಬಳೆಯಿಲ್ಲ, ಬಿಳಿ ಸೀರೆ. ಮಡಿಲಲ್ಲಿ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತಿದ್ದ ಕಾಂಥಾ. ನಮ್ಮ ಅವ್ವಂದಿರು ಕೌದಿ ಹೊಲಿಯುವುದೂ ಹೀಗೇ ಅಲ್ವಾ ಅಂದೆ. “ನಿಮ್ದು ತುಂಡು ತುಂಡು ಬಟ್ಟಿ, ದಪ್ಪ. ನಮ್ದು ಹೂವು, ಮೀನು ಬರತೈತಿ” ಅಂತ ತಕ್ಷಣ ತಿದ್ದಿದರು. ಐವತ್ತು ವರ್ಷ ಆದರೂ ಆ ವಿಷಯದಲ್ಲಿ ರಾಜಿ ಇಲ್ಲ!

ಬಂದ ಹೊಸದರ ಕಥೆ ಕೇಳಿದೆ. ಗೋಡೆಗಿಂತ ಮುಂಚೆ ಒಲೆ ಹೂಡಿದರಂತೆ. ತಮ್ಮ ಊರಿನ ಮಣ್ಣಿನಲ್ಲಿ ಮಾಡುತ್ತಿದ್ದ ಹಾಗೆ ಇಲ್ಲಿನ ಎರೆಮಣ್ಣನ್ನು ಕಲಸಿ ಒಲೆ ಮಾಡಿದರೆ, ಒಣಗಿದ ಕೂಡಲೇ ಬಿರುಕು. ಮತ್ತೆ ಮಾಡಿದರು, ಮತ್ತೆ ಬಿರುಕು. ಕೊನೆಗೆ ಪಕ್ಕದ ಹಳ್ಳಿಯಿಂದ ಕಳೆ ತೆಗೆಯಲು ಬಂದಿದ್ದ ಹೆಂಗಸೊಬ್ಬಳು ನಿಂತು ನೋಡಿ ನಕ್ಕಳಂತೆ. ಹೊಟ್ಟು, ಬೂದಿ, ಸಗಣಿ ಎಷ್ಟೆಷ್ಟು ಸೇರಿಸಬೇಕು ಅಂತ ಕೈಯಲ್ಲೇ ತೋರಿಸಿಕೊಟ್ಟಳು. ಆಗ ಇವರಿಗೆ ಕನ್ನಡ ಬರುತ್ತಿರಲಿಲ್ಲ, ಅವಳಿಗೆ ಬಂಗಾಳಿ ಬರುತ್ತಿರಲಿಲ್ಲ. ಅವಳ ಹತ್ತಿರವೇ ರೊಟ್ಟಿ ಬಡಿಯುವುದನ್ನೂ ಕಲಿತರಂತೆ. ಆದರೆ ರೊಟ್ಟಿ ಜೊತೆ ನೆಂಚಿಕೊಳ್ಳುವುದಕ್ಕೆ ಸಾಸಿವೆ ಎಣ್ಣೆಯ ಪಲ್ಯವೇ ಆಗಬೇಕು. ಹಿತ್ತಲಲ್ಲಿ ಹೊಂಡ ತೋಡಿ, ಅದರ ಮಣ್ಣಿನಿಂದಲೇ ಮನೆಯ ಕಟ್ಟೆ ಎತ್ತರಿಸಿದ್ದಾರೆ. ಮುಂದೆ ತುಳಸಿ. ಕಾಲುವೆಗೆ ನೀರು ಬಿಟ್ಟಾಗ ಹೊಂಡದಲ್ಲಿ ಮೀನು, ಬೇಸಿಗೆಯಲ್ಲಿ ಬರೀ ಹೊಂಡ.

ಇದನ್ನೆಲ್ಲ ಬರೆಯುವಾಗ ನನಗೂ ಖುಷಿಯಾಗುತ್ತದೆ. ಆದರೆ ನನ್ನ ತಕರಾರು ಇರುವುದೇ ಇಲ್ಲಿ. ಹೆಂಗಸರು ಹೀಗೆ ಏನೂ ಇಲ್ಲದ ಕಡೆ ಮನೆ ಮಾಡಿಕೊಂಡರು ಅಂತ ಹೊಗಳುವುದು ನಮಗೆ ಬಹಳ ಅಗ್ಗಕ್ಕೆ ಸಿಗುತ್ತದೆ. ಕ್ಯಾಂಪಿನ ದುರ್ಗಾಪೂಜೆಗೆ ಹೋಗಿ, ಫೋಟೋ ತೆಗೆದು, ‘ಎಂಥ ಜೀವನಪ್ರೀತಿ’ ಅಂತ ಬರೆದರೆ ಲೈಕೂ ಬರುತ್ತದೆ. ಮೂರನೇ ಪದರದ ಸುದ್ದಿ ಎತ್ತಿದರೆ ಎಲ್ಲರೂ ಗಪ್‌ಚಿಪ್.

ಆ ಪದರದಲ್ಲಿ ಏನೇನಿದೆ ನೋಡಿ. ಕ್ಯಾಂಪುಗಳಲ್ಲಿ ನಾಮಶೂದ್ರರು ಬಹಳ. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ನಮ್ಮ ರಾಜ್ಯದ ಪಟ್ಟಿಯಲ್ಲಿ ಆ ಹೆಸರಿಲ್ಲ. ಹಾಗಾಗಿ ನನ್ನ ವಿದ್ಯಾರ್ಥಿನಿ ಮತ್ತು ಕೋಲ್ಕತ್ತಾದ ಅವಳ ಅತ್ತೆಯ ಮಗಳು ಒಂದೇ ಜಾತಿಯವರಾದರೂ ಸರ್ಕಾರದ ಲೆಕ್ಕದಲ್ಲಿ ಬೇರೆ ಬೇರೆ. ಪೌರತ್ವದ್ದು ಇನ್ನೊಂದು ಗೋಳು. 2019ರ ತಿದ್ದುಪಡಿ ಕಾಯ್ದೆಗೆ ನಿಯಮ ಬಂದದ್ದು 2024ರ ಮಾರ್ಚ್‌ನಲ್ಲಿ. ಆ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿತು. ಆ ಕಾಯ್ದೆ ಧರ್ಮ ನೋಡಿ ಆರಿಸುತ್ತದೆ, ಅದಕ್ಕೆ ನನ್ನ ವಿರೋಧ ಇದೆ, ಮುಚ್ಚಿಡುವುದಿಲ್ಲ. ಆದರೆ ಇಲ್ಲೇ ಮಕ್ಕಳು ಮೊಮ್ಮಕ್ಕಳನ್ನು ಕಂಡ ಅಜ್ಜಿಯರನ್ನು ಇಷ್ಟು ವರ್ಷ ಕಾಯಿಸಿದ್ದಕ್ಕೆ ಯಾವ ಪಕ್ಷವೂ ಉತ್ತರ ಕೊಟ್ಟಿಲ್ಲ.

ಎದುರು ವಾದವೂ ಇದೆ. ಲೀಸಾ ಮಾಲ್ಕಿ ಎಂಬ ಇನ್ನೊಬ್ಬ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ನಿರಾಶ್ರಿತರ ನಡುವೆ ಕೆಲಸ ಮಾಡಿದರು. 1972ರ ಹತ್ಯಾಕಾಂಡದಿಂದ ತಪ್ಪಿಸಿಕೊಂಡು ಬಂದ ಬುರುಂಡಿಯ ಹುಟು ಜನ ಆ ನಿರಾಶ್ರಿತರು. ಮಿಶಾಮೋ ಎಂಬ ಕ್ಯಾಂಪಿನಲ್ಲಿದ್ದವರು ತಾವು ನಿರಾಶ್ರಿತರು, ಒಂದು ದಿನ ವಾಪಸ್ ಹೋಗುವವರು ಅಂತ ಬಿಗಿಯಾಗಿ ಹಿಡಿದುಕೊಂಡಿದ್ದರು. ಕಿಗೋಮಾ ಪಟ್ಟಣ ಸೇರಿದವರು ಬೆರೆತುಹೋಗಿದ್ದರು, ನಿರಾಶ್ರಿತರು ಅನ್ನಿಸಿಕೊಳ್ಳಲೂ ಇಷ್ಟವಿರಲಿಲ್ಲ. ಹಾಗಾದರೆ ಕ್ಯಾಂಪು ಬಿಟ್ಟು ಬೆರೆತರೆ ಆಯಿತಲ್ಲ ಅಂತ ಯಾರಾದರೂ ಕೇಳಬಹುದು. ನಮ್ಮ ಕ್ಯಾಂಪಿನ ಹುಡುಗರು ಬೆಂಗಳೂರಿಗೆ ಹೋಗಿ ‘ರಾಯಚೂರು’ ಅಂತ ಹೇಳಿ ಹಾಗೇ ಬದುಕುತ್ತಿದ್ದಾರೆ. ಗಂಡಸರಿಗೆ ಅದು ಆದೀತು. ಹೊಂಡ, ತುಳಸಿ, ಮುದಿ ಅತ್ತೆ, ಎರಡು ಎಮ್ಮೆ ಇರುವ ಹೆಂಗಸು ಯಾವ ಪಟ್ಟಣದಲ್ಲಿ ಬೆರೆಯಬೇಕು?

ಇನ್ನೊಂದು ಮಾತು ಕಹಿ ಅನ್ನಿಸಬಹುದು. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಕಾಲುವೆ ನೀರಿನ ಹಿಂದೆಯೇ ಕರಾವಳಿ ಆಂಧ್ರದಿಂದ ರೈತರು ಬಂದು ಭೂಮಿ ಕೊಂಡರು, ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಅವರದೂ ಕ್ಯಾಂಪುಗಳೇ. ಅವರು ಈ ದೇಶದವರೇ, ಕಾನೂನು ಬೇರೆ, ಒಪ್ಪುತ್ತೇನೆ. ಆದರೂ ಗಂಗಾವತಿ ಹತ್ತಿರದ ಶ್ರೀರಾಮನಗರಕ್ಕೆ ಹೋಗಿ ‘ನೀವು ಎಲ್ಲಿಯವ್ರೀ’ ಅಂತ ಕೇಳುವ ಧೈರ್ಯ ಯಾರಿಗಿದೆ? ರೈಸ್ ಮಿಲ್ ಇದ್ದವರಿಗೆ ಯಾರೂ ಊರು ಕೇಳುವುದಿಲ್ಲ.

ನಾವೇನು ಕದಲದೇ ಕೂತವರಾ? ಲಿಂಗಸೂಗೂರು, ದೇವದುರ್ಗ, ಕುಷ್ಟಗಿಯ ಹೆಂಗಸರು ಪ್ರತಿ ವರ್ಷ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳ ಪಕ್ಕ ತಗಡಿನ ಶೆಡ್ಡಿನಲ್ಲಿ, ಮೂರು ಕಲ್ಲಿಟ್ಟು ಅವರೂ ಒಲೆ ಹೂಡುತ್ತಾರೆ. ಹೋಗುವಾಗ ಜೋಳದ ಹಿಟ್ಟು, ಹಂಚು, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗುತ್ತಾರೆ. ಆ ಶೆಡ್ಡುಗಳ ಬಗ್ಗೆ ಬೇರೆಯೇ ಬರೆಯಬೇಕು. ಅಂಗನವಾಡಿ, ಕೂಸುಗಳ ಚುಚ್ಚುಮದ್ದು, ಹೆರಿಗೆಗೆ ಬೇಕಾದ ತಾಯಿ ಕಾರ್ಡು, ಅಲ್ಲೂ ಎಲ್ಲ ಕಾಗದದ ಮೇಲೇ ನಿಂತಿದೆ. ಇವತ್ತಿಗೆ ಇಷ್ಟೇ, ಬರಹ ಆಗಲೇ ಉದ್ದ ಆಯಿತು.