ಸ್ಪಷ್ಟನೆ: ಜಪಾನಿ ‘ನೀ ಮಾರ್ಟರ್’ (knee mortar, ‘ಮೊಣಕಾಲಿನ ಮಾರ್ಟರ್’) ತೊಡೆಯ ಮೇಲಿಟ್ಟು ಹಾರಿಸುವ ಆಯುಧವಲ್ಲ

ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೈನಿಕರು ಪುಟ್ಟ ಮಾರ್ಟರನ್ನು (ಸ್ಫೋಟಕ ಶೆಲ್ಲನ್ನು ಮೇಲ್ಮುಖವಾಗಿ ಚಿಮ್ಮಿಸುವ ನಳಿಕೆಯ ಆಯುಧ) ತೊಡೆಯ ಮೇಲಿಟ್ಟುಕೊಂಡು ಶೆಲ್ ಹಾರಿಸುತ್ತಿದ್ದರು ಎಂಬ ಸಂದೇಶ ಚಿತ್ರದ ಸಮೇತ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ಎರಡು ಗುಂಪುಗಳಿಗೆ ಕಳಿಸಿದ್ದೆ. ಅದು ತಪ್ಪು.

ಚಿತ್ರದಲ್ಲಿರುವುದು ‘ನೀ ಮಾರ್ಟರ್’ ಎಂದು ಕರೆಯಲಾದ ಟೈಪ್ 89 ಎಂಬ ಮಾದರಿ. ನಳಿಕೆಯ ಒಳವ್ಯಾಸ 50 ಮಿ.ಮೀ., ತೂಕ ಸುಮಾರು 4.7 ಕೆ.ಜಿ. ಸುಮಾರು 800 ಗ್ರಾಂ ತೂಕದ ಶೆಲ್ಲನ್ನು 600 ಮೀಟರಿಗೂ ಆಚೆ ಎಸೆಯುತ್ತಿತ್ತು. ಹಾರಿಸಿದಾಗ ಹಿಂದಕ್ಕೆ ಬೀಳುವ ಆ ಹಿನ್ನೂಕನ್ನು ತೊಡೆಯ ಮೂಳೆ ತಡೆಯಲಾರದು. ಹಾಗೆ ಹಾರಿಸಬೇಡಿ ಎಂದು ಅಮೆರಿಕದ ಸೇನಾ ಪ್ರಕಟಣೆಗಳು ಯುದ್ಧಕಾಲದಲ್ಲೇ ತಮ್ಮ ಸೈನಿಕರನ್ನು ಎಚ್ಚರಿಸಿದ್ದವು.

ಗೊಂದಲಕ್ಕೆ ಕಾರಣ ಅದರ ಬಾಗಿದ ಬುಡದ ತಟ್ಟೆ. ತೊಡೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ನಾನೂ ನಂಬಿದ್ದು ಅದಕ್ಕೇ. ನಿಜದಲ್ಲಿ ಅದನ್ನು ನೆಲಕ್ಕೆ ಊರುತ್ತಿದ್ದರು, ಇಲ್ಲವೇ ಮರದ ದಿಮ್ಮಿಗೆ ಆನಿಸುತ್ತಿದ್ದರು. ನಳಿಕೆಯನ್ನು ಸುಮಾರು 45 ಡಿಗ್ರಿ ವಾಲಿಸಿ ಹಿಡಿದು, ದೂರ ಹೆಚ್ಚುಕಡಿಮೆ ಮಾಡಲು ತಿರುಪು ತಿರುಗಿಸಿ ಒಳಗಿನ ಸರಳನ್ನು ಸರಿಸುತ್ತಿದ್ದರು.

ಬರ್ಮಾ ರಣರಂಗದಲ್ಲಿ ಭಾರತೀಯ ಸೈನಿಕರು ಎದುರಿಸಿದ ಆಯುಧವಿದು, ಅದರ ವಿವರ ಸರಿಯಾಗಿರಬೇಕು. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲೇ ಈ ಸ್ಪಷ್ಟನೆ ಹಾಕಿ.